ನೋಡದೇನೇ ಕೊಟ್ಟ ತೀರ್ಪು



ಉಣ್ಣದೇನೇ ಸಾರಿಗೆ ಉಪ್ಪು ಜಾಸ್ತಿ ಅನ್ನೋನನ್ನ ಹಾಸ್ಟೆಲಿನಲ್ಲಿ ನಾವು ನಕ್ಕು ಕಳಿಸುತ್ತೇವೆ. ಅಮೆರಿಕದಲ್ಲಿ ಅಂಥ ಮಾತೇ ದೊಡ್ಡ ವಿಮರ್ಶೆಯಾಯಿತು.

ಬಿಲ್ ಟಿ. ಜೋನ್ಸ್ ಕಪ್ಪು ಜನಾಂಗದ ನೃತ್ಯಗಾರ. ಬೆಳೆ ಕುಯ್ಯಲು ಊರೂರು ಅಲೆದ ಕೂಲಿಗಳ ಹನ್ನೆರಡು ಮಕ್ಕಳಲ್ಲಿ ಒಬ್ಬ. ಬಾಳಿನಲ್ಲೂ ಕುಣಿತದಲ್ಲೂ ಜೊತೆಯಾಗಿದ್ದ ಆರ್ನಿ ಝೇನ್ 1988ರಲ್ಲಿ ಏಡ್ಸ್‌ನಿಂದ ಸತ್ತರು. ಜೋನ್ಸ್ ಮೈಯಲ್ಲೂ ಅದೇ ವೈರಸ್. ಅವರು ಊರೂರಿಗೆ ಹೋಗಿ, ಕ್ಯಾನ್ಸರ್, ಏಡ್ಸ್ ಬಂದವರ ಜೊತೆ ಕೂತು, ಅವರ ಮಾತು, ಕೈಸನ್ನೆ ಹಿಡಿದು 1994ರಲ್ಲಿ ‘ಸ್ಟಿಲ್/ಹಿಯರ್’ ಕಟ್ಟಿದರು. ವೇದಿಕೆ ಮೇಲೆ ಕುಣಿದವರು ನುರಿತ ನೃತ್ಯಗಾರರು.

ಅದೇ ಡಿಸೆಂಬರಿನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ಹೆಸರಾಂತ ವಿಮರ್ಶಕಿ ಆರ್ಲೀನ್ ಕ್ರೋಚಿ ಬರೆದರು: ನಾನು ನೋಡಿಲ್ಲ, ನೋಡೋದೂ ಇಲ್ಲ. ಕನಿಕರ ಹುಟ್ಟಿಸೋ ಇಂಥದ್ದನ್ನ ವಿಮರ್ಶೆ ಮಾಡೋಕಾಗಲ್ಲ. ಇದು ‘ಬಲಿಪಶು ಕಲೆ’. ಕೆಲವರು ಹೌದೆಂದರು. ಲೇಖಕಿ ಜಾಯ್ಸ್ ಕರೋಲ್ ಓಟ್ಸ್ 1995ರಲ್ಲಿ ಎದುರು ಬರೆದರು.

ನೋವಿದ್ದ ಮಾತ್ರಕ್ಕೆ ಕಲೆಯಾಗುತ್ತದೆಯೇ? ಇಲ್ಲ, ಒಪ್ಪುತ್ತೇವೆ. ಆದರೆ ಆಯಿತೋ ಇಲ್ಲವೋ ಅನ್ನೋದು ಹೋಗಿ ನೋಡಿದ ಕಣ್ಣಿಗೆ ಮಾತ್ರ ಗೊತ್ತು. ರಾಜನ ಸಾವು ದುರಂತ ನಾಟಕ, ಕೂಲಿಯವನ ಮಗನ ಸಾವು ಬರೀ ಗೋಳು ಅನ್ನೋದು ಯಾವ ನ್ಯಾಯ?

ನಮ್ಮ ಪದ್ಯಕ್ಕೂ ‘ಇದು ಗೋಳು, ಕಾವ್ಯವಲ್ಲ’ ಅಂದವರುಂಟು. ನಮಗೆ ಕನಿಕರ ಬೇಡ, ರಿಯಾಯಿತಿಯೂ ಬೇಡ. ಬನ್ನಿ, ಕೂರಿ, ನೋಡಿ. ಕೆಟ್ಟಿದ್ದರೆ ಕೆಟ್ಟಿದೆ ಅನ್ನಿ.

ಈ ಮಾತು ನಮಗೂ ಅನ್ವಯ. ಓದದೆ ಚಪ್ಪಾಳೆ ತಟ್ಟೋದೂ ಬೇಡ, ಓದದೆ ಬೈಯೋದೂ ಬೇಡ.