ಹಿಂಡಿನ ಅಜ್ಜಿ

ರಾಮನಾಥಪುರದಲ್ಲಿ ಕಾವೇರಿಯ ಸೋಪಾನದ ಮೇಲೆ ನಿಂತು ವಹ್ನಿಪುಷ್ಕರಿಣಿಯ ಮೀನುಗಳಿಗೆ ಪುರಿ ಎರಚಿದವರು ಆ ನೋಟವನ್ನು ಮರೆಯಲಾರರು. ಕ್ಷಣಮಾತ್ರದಲ್ಲಿ ನೂರಾರು ಬಾಯಿಗಳು ನೀರಿನ ಮೇಲೆ ತೆರೆದುಕೊಳ್ಳುತ್ತವೆ. ಆದರೆ ಅದು ಸಂತೆಯೇ ಹೊರತು ಸಂಸಾರವಲ್ಲ. ಅಷ್ಟು ದೊಡ್ಡದಾಗಿ ಬೆಳೆಯುವ ಮಹಶೀರ್ ಸಹ ತತ್ತಿಯಿಟ್ಟು ತನ್ನ ದಾರಿ ಹಿಡಿಯುತ್ತದೆ. ಮರಿಯ ಯೋಗಕ್ಷೇಮ ಅದಕ್ಕೆ ಸೇರಿದ್ದಲ್ಲ.

ಇದೇ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ತಿರುಗುವ ಆನೆಗಳ ಮಾತು ಬೇರೆ. ನಮ್ಮ ಕವಿಗಳು ಆನೆಯ ಹಿಂಡಿಗೆ ಯೂಥಪತಿಯೊಬ್ಬನನ್ನು ಕಟ್ಟಿಕೊಟ್ಟರು. ತರಗತಿಯಲ್ಲಿ ನಾನೂ ಬಹುಕಾಲ ಹಾಗೆಯೇ ಅರ್ಥ ಹೇಳಿದೆ. ಕಾಡಿನಲ್ಲಿ ಅಂಥ ಪತಿಯಿಲ್ಲ. ಪ್ರಾಯಕ್ಕೆ ಬಂದ ಗಂಡು ತಾಯಿಯ ಹಿಂಡನ್ನು ಬಿಟ್ಟು ಹೋಗುತ್ತದೆ. ಮುಂದೆ ನಡೆಯುವವಳು ಹಿರಿಯ ಪಿಡಿ. (ಹೆಣ್ಣಾನೆಗೆ ಹಳಗನ್ನಡದಲ್ಲಿದ್ದ ಈ ಎರಡಕ್ಷರದ ಮಾತನ್ನು ನಾವೇಕೆ ಕೈಬಿಟ್ಟೆವೋ!)

ಹೆಣ್ಣಾನೆ ಸುಮಾರು 20-22 ತಿಂಗಳು ಗರ್ಭ ಹೊರುತ್ತದೆ. ಮುಂದಿನ ಮರಿಗೆ ಸಾಮಾನ್ಯವಾಗಿ ನಾಲ್ಕೈದು ವರ್ಷ ಕಾಯಬೇಕು. ಹೀಗಿರುವಾಗ ಹುಟ್ಟಿದ ಮರಿ ಉಳಿಯುವುದೇ ವಂಶದ ಪ್ರಶ್ನೆ. ಬರ್ಮಾದ ಮರ ಸಾಗಿಸುವ ಆನೆಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಇಪ್ಪತ್ತು ತುಂಬದ ತಾಯಿಯ ಮರಿಗೆ ಅಜ್ಜಿಯ ಸಹವಾಸವಿದ್ದರೆ ಸಾವಿನ ಭಯ ಎಂಟನೆಯ ಒಂದು ಪಾಲಿಗೆ ಇಳಿಯುವುದೆಂದು ತೋರಿಸಿತು. ಕೀನ್ಯಾದ ಆಂಬೊಸೆಲಿಯಿಂದ 2001ರಲ್ಲಿ ಬಂದ ಸಂಗತಿಯೂ ಇಂಥದೇ: ಮುಂದಾಳು ವಯಸ್ಸಾದವಳಾದಷ್ಟೂ ಆ ಕುಟುಂಬ ಪರಿಚಿತರ ಕೂಗನ್ನೂ ಅಪರಿಚಿತರ ಕೂಗನ್ನೂ ಚೆನ್ನಾಗಿ ವಿಂಗಡಿಸುತ್ತದೆ; ಅಂಥ ಕುಟುಂಬದಲ್ಲಿ ಮರಿಗಳೂ ಹೆಚ್ಚು. ನೆನಪೆಂಬುದು ಅಲ್ಲಿ ಹಾಲಿನಷ್ಟೇ ಪೋಷಕ.

ಆನೆಗಳನ್ನು ಹಿಡಿದು ಸಾಗಿಸಿರೆಂದು ನಮ್ಮವರು ಕೂಗುವುದನ್ನು ನಾನು ಹಗುರವಾಗಿ ಕಾಣಲಾರೆ. ತುಳಿತಕ್ಕೆ ಸಿಕ್ಕಿ ಸತ್ತ ತೋಟದ ಕೂಲಿಗಾರನ ಮನೆಯ ಮುಂದೆ ನಿಂತು ಆಂಬೊಸೆಲಿಯ ಕಥೆ ಹೇಳುವ ಧೈರ್ಯ ಯಾರಿಗಿದೆ? 2014ರಲ್ಲಿ ಆಲೂರು-ಸಕಲೇಶಪುರ ಸೀಮೆಯಿಂದ 22 ಆನೆಗಳನ್ನು ಹಿಡಿದರು. ಆಮೇಲೂ ಆನೆಗಳು ಬಂದವು. ನನ್ನ ತಕರಾರು ಲೆಕ್ಕದ ರೀತಿಯ ಮೇಲೆ. ಹತ್ತರಲ್ಲಿ ಒಂದನ್ನು ಕಳೆದರೆ ಒಂಬತ್ತು ಉಳಿಯುವುದು ಮಗ್ಗಿಯಲ್ಲಿ ಮಾತ್ರ. ಆ ಒಂದು ಹಿರಿಯ ಪಿಡಿಯಾಗಿದ್ದರೆ ಉಳಿದದ್ದು ದಾರಿ ತಿಳಿಯದ ಒಂಬತ್ತು, ಅವುಗಳಲ್ಲಿ ಕಾವಲು ತಪ್ಪಿದ ಮರಿಗಳೆಷ್ಟೋ. ಅಂಥ ಹಿಂಡು ತೋಟದವನಿಗೂ ಹಿತವಾಗಲಾರದು.

ಅರಣ್ಯ ಇಲಾಖೆ ಈ ಮರ್ಮವನ್ನು ಅರಿಯದುದೇನಲ್ಲ. ಜಿಲ್ಲೆಯ ಹಿಂಡುಗಳಲ್ಲಿ ಹೆಣ್ಣಾನೆಯ ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ, ಅದರ ಜಾಡಿನಿಂದ ಹಿಂಡು ಎಲ್ಲಿದೆಯೆಂದು ತಿಳಿದು ಊರವರನ್ನು ಎಚ್ಚರಿಸುವ ಏರ್ಪಾಡು ನಡೆದಿದೆ. ಹಿಡಿಯುವ ಆಜ್ಞೆ ಬರೆಯುವಾಗಲೂ ಇದೇ ವಿವೇಕವಿರಲಿ. ಎಷ್ಟು ಆನೆ ಎಂಬುದರ ಪಕ್ಕದಲ್ಲಿ ಗಂಡೋ ಪಿಡಿಯೋ, ವಯಸ್ಸೆಷ್ಟು, ಬೆನ್ನ ಹಿಂದೆ ಮರಿಗಳೆಷ್ಟು ಎಂಬ ಮೂರು ಕಲಮುಗಳನ್ನೂ ತುಂಬಲಿ.