ಹನ್ನೆರಡು ತಿಂಗಳ ಆಷಾಢ

ಮನೆಯಲ್ಲಿ ಕುಳಿತು ಮಾಡುವುದೇನು, ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ, ಹೆಂಡತಿಯಾದರೂ ಗಂಡನ ಮುಖವನ್ನು ಎಷ್ಟು ಹೊತ್ತು ನೋಡಿಯಾಳು, ಕಚೇರಿಗೆ ಬಂದು ಕೆಲಸ ಮಾಡಿ — ತಮ್ಮ ನೌಕರರಿಗೆ ಈ ಧಾಟಿಯಲ್ಲಿ ಬುದ್ಧಿ ಹೇಳಿದವರು ಲಾರ್ಸೆನ್ ಅಂಡ್ ಟೂಬ್ರೊ ಕಂಪನಿಯ ಅಧ್ಯಕ್ಷರಾದ ಶ್ರೀ ಎಸ್. ಎನ್. ಸುಬ್ರಹ್ಮಣ್ಯನ್ ಅವರು. ಮಾತು ಹೊರಬಿದ್ದದ್ದು 2025ರ ಜನವರಿಯಲ್ಲಿ. ವಾರಕ್ಕೆ 90 ಗಂಟೆ ದುಡಿಯಬೇಕಂತೆ. ಭಾನುವಾರ ದುಡಿಸಲು ಆಗುತ್ತಿಲ್ಲವೆಂಬುದೇ ಅವರ ಕೊರಗಂತೆ. ಅದಕ್ಕೂ ಮೊದಲೇ, 2023ರ ಅಕ್ಟೋಬರಿನಲ್ಲಿ, ಇನ್ಫೋಸಿಸ್ಸಿನ ಶ್ರೀ ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಉಪದೇಶ ಮಾಡಿದ್ದರು.

ಪೇಟೆಯ ಜನ ಈ ಮಾತಿಗೆ ನಕ್ಕರು. ದೊಡ್ಡ ಪತ್ರಿಕೆಗಳು ನಾಲ್ಕು ದಿನ ಚರ್ಚೆ ನಡೆಸಿ ಕೈತೊಳೆದುಕೊಂಡವು. ದುಡಿಯುವವರ ಪತ್ರಿಕೆಯಾದ ನಾವು ಅಷ್ಟಕ್ಕೆ ಬಿಡಲಾರೆವು. ಧಣಿಗಳು ಪ್ರಶ್ನೆ ಕೇಳಿದ್ದಾರೆ. ಗಂಡನೂ ಹೆಂಡತಿಯೂ ಒಬ್ಬರ ಮುಖವನ್ನೊಬ್ಬರು ಎಷ್ಟು ಹೊತ್ತು ನೋಡುತ್ತಾರೆಂಬುದಕ್ಕೆ ಲೆಕ್ಕ ಸಮೇತ ಉತ್ತರ ಕೊಡೋಣ.

ಹೊಸದಾಗಿ ಮದುವೆಯಾದ ಒಂದು ಜೋಡಿಯನ್ನು ತೆಗೆದುಕೊಳ್ಳೋಣ. ಗಂಡ ನೂಲಿನ ಗಿರಣಿಯಲ್ಲಿ, ಹೆಂಡತಿ ಗಾರ್ಮೆಂಟ್ಸ್‌ನಲ್ಲಿ. ಊರ ಹೊರಗೆ ಬಾಡಿಗೆಯ ಒಂದು ಖೋಲಿ. ಇಂಥ ಜೋಡಿ ನಮ್ಮ ಓದುಗರ ಪ್ರತಿಯೊಂದು ಓಣಿಯಲ್ಲೂ ಇದೆ. ಹೆಂಡತಿ ಬೆಳಿಗ್ಗೆ ಏಳೂವರೆಗೆ ಕಂಪನಿಯ ವ್ಯಾನು ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಗಂಡನ ಪಾಳಿ ವಾರಕ್ಕೊಮ್ಮೆ ಬದಲು. ಮೊದಲನೆ ಪಾಳಿಯ ವಾರದಲ್ಲಿ ಅವನು ಸಂಜೆ ಮನೆಯಲ್ಲಿರುತ್ತಾನೆ. ಏಳರಿಂದ ಹತ್ತರವರೆಗೆ ದಿನಕ್ಕೆ ಮೂರು ಗಂಟೆ ಇಬ್ಬರೂ ಜೊತೆ. ಎರಡನೆ ಪಾಳಿಯ ವಾರದಲ್ಲಿ ಅವನು ಮಧ್ಯಾಹ್ನ ಎರಡಕ್ಕೆ ಹೊರಟು ನಡುರಾತ್ರಿ ಬರುತ್ತಾನೆ. ಅವನು ಬಂದಾಗ ಅವಳು ನಿದ್ದೆ, ಅವಳು ಎದ್ದಾಗ ಅವನು ನಿದ್ದೆ. ಮೂರನೆ ಪಾಳಿಯಲ್ಲಿ ಅವನು ರಾತ್ರಿ ಹತ್ತಕ್ಕೆ ಹೊರಡುತ್ತಾನೆ, ಬೆಳಿಗ್ಗೆ ಎಂಟಕ್ಕೆ ಬರುವಷ್ಟರಲ್ಲಿ ವ್ಯಾನು ಹೋಗಿರುತ್ತದೆ. ಮತ್ತೆ ಸಂಜೆಯ ಮೂರೇ ಗಂಟೆ.

ಈಗ ಕೂಡಿಸಿ. ಭಾನುವಾರಗಳನ್ನು ಬಿಟ್ಟರೆ ಮೂರು ವಾರಕ್ಕೆ ಹದಿನೆಂಟು ದಿನ, ಅಂದರೆ 432 ಗಂಟೆ. ಮೊದಲನೆ ಪಾಳಿಯಲ್ಲಿ 18, ಮೂರನೆ ಪಾಳಿಯಲ್ಲಿ 18, ಎರಡನೆ ಪಾಳಿಯ ವಾರದಲ್ಲಿ ಗಂಡನ ರಜೆ ಗುರುವಾರ ಬಿದ್ದರೆ ಆ ಸಂಜೆಯ 3 — ಒಟ್ಟು 39. ಈ 39 ಗಂಟೆಗಳಲ್ಲಿಯೇ ನೀರು ಹಿಡಿಯಬೇಕು, ಒಲೆ ಹಚ್ಚಬೇಕು, ಪಾತ್ರೆ ಬೆಳಗಬೇಕು, ನಾಳಿನ ಬುತ್ತಿಗೆ ತಯಾರಿ ಮಾಡಬೇಕು, ಬಾಡಿಗೆಗೂ ಚೀಟಿಗೂ ಹಣ ಹೊಂದಿಸುವ ಮಾತಾಡಬೇಕು. ಉಳಿದ ಸಮಯದಲ್ಲಿ ಅಧ್ಯಕ್ಷರು ಹೇಳಿದಂತೆ ಮುಖ ನೋಡುತ್ತ ಕೂರಬಹುದು!

ವಾರದ ರಜೆ ಇದೆಯಲ್ಲ ಎನ್ನುವಿರಾ? ಇದೆ. ಅವಳಿಗೆ ಭಾನುವಾರ, ಅವನಿಗೆ ಗುರುವಾರ. ಕಾನೂನಿನ ಪುಸ್ತಕದಲ್ಲಿ ಇಬ್ಬರಿಗೂ ರಜೆ. ಖೋಲಿಯೊಳಗೆ ಇಬ್ಬರಿಗೂ ಒಂದು ಪೂರ್ತಿ ದಿನವಿಲ್ಲ. ಅವನು ಗುರುವಾರ ಒಬ್ಬನೇ ಚಹದಂಗಡಿಯ ಮುಂದೆ ಕೂತು ಹೊತ್ತು ಕಳೆಯುತ್ತಾನೆ. ಅವಳು ಭಾನುವಾರ ಒಬ್ಬಳೇ ವಾರದ ಬಟ್ಟೆಯನ್ನೆಲ್ಲ ಒಗೆಯುತ್ತಾಳೆ. ನೆಂಟರು ಬಂದರೆ ಇಬ್ಬರಲ್ಲೊಬ್ಬರು ಇರುವುದಿಲ್ಲ. ಅತ್ತೆ ಮಾವ ಮಗಳ ಸಂಸಾರ ನೋಡಲು ಬಂದರೆ ಅಳಿಯ ಪಾಳಿಯಲ್ಲಿ. ಗಂಡನ ಅವ್ವ ಬಂದರೆ ಸೊಸೆ ವ್ಯಾನಿನಲ್ಲಿ.

ಆಷಾಢ ಮಾಸದಲ್ಲಿ ಹೊಸ ಮದುವಣಗಿತ್ತಿ ತವರಿಗೆ ಹೋಗುವುದು ನಮ್ಮ ನಾಡಿನ ಪದ್ಧತಿ. ಒಂದು ತಿಂಗಳು ಗಂಡ ಹೆಂಡತಿ ಅಗಲಿರುತ್ತಾರೆ, ಶ್ರಾವಣಕ್ಕೆ ಕೂಡುತ್ತಾರೆ. ಹಳಬರು ವಿಧಿಸಿದ್ದು ಒಂದೇ ತಿಂಗಳು, ಅದಕ್ಕೊಂದು ಕೊನೆಯೂ ಇತ್ತು. ಗಿರಣಿಯ ಧಣಿ ಹಾಕಿಕೊಟ್ಟ ಪಂಚಾಂಗದಲ್ಲಿ ಶ್ರಾವಣವೇ ಇಲ್ಲ. ಹನ್ನೆರಡು ತಿಂಗಳೂ ಆಷಾಢ!

ತವರಿನ ಮಾತು ಬಂತು, ಅದನ್ನೂ ನೋಡೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಪುಕ್ಕಟೆಯಾಯಿತು. ಒಳ್ಳೆಯದು, ನಾವು ಅದನ್ನು ಮನಸಾರೆ ಒಪ್ಪಿದವರೇ. ಗಂಡಸರ ಟಿಕೆಟ್ಟು 2025ರ ಜನವರಿಯಲ್ಲಿ ಶೇಕಡ 15ರಷ್ಟು ಏರಿತು, ಅದು ಬೇರೆ ಮಾತು. ಆದರೆ ಟಿಕೆಟ್ಟು ಪುಕ್ಕಟೆಯಾದ ಮಾತ್ರಕ್ಕೆ ತವರು ಹತ್ತಿರವಾಯಿತೆ? ನಾಗರ ಪಂಚಮಿಗೆ ಅಣ್ಣ ಕರೆಯಲು ಬಂದಿದ್ದಾನೆ. ಊರಲ್ಲಿ ಜೋಕಾಲಿ ಕಟ್ಟಿದ್ದಾರೆ, ಅವ್ವ ಉಂಡಿ ಕಟ್ಟಿಟ್ಟಿದ್ದಾಳೆ. ಸೂಪರ್‌ವೈಸರ್ ಕೇಳುತ್ತಾನೆ: "ಎಲ್ಲರೂ ಪಂಚಮಿಗೆ ಹೋದರೆ ಲೈನು ಯಾರಮ್ಮಾ ನಡೆಸೋದು?" ಹೇಳದೆ ಹೋದರೆ ದಿನದ ಕೂಲಿ ಕಡಿತ, ಅದರ ಜೊತೆಗೆ ತಿಂಗಳ ಹಾಜರಿ ಬೋನಸ್ಸಿಗೂ ಕತ್ತರಿ. ಒಂದು ದಿನದ ಹಬ್ಬಕ್ಕೆ ಎರಡು ದಿನದ ದಂಡ. ಸರಕಾರ ಬಸ್ಸಿನ ಬಾಗಿಲು ತೆರೆದಿದೆ, ಗೇಟಿನ ಬಾಗಿಲು ಮುಚ್ಚಿದೆ.

ಹೀಗಾಗಲು ಇದೇನು ವಿಧಿಲಿಖಿತವೆ? ಇತಿಹಾಸ ಹಾಗೆ ಹೇಳುವುದಿಲ್ಲ. ನಮ್ಮ ರೈತರು ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ವಾರಕ್ಕೊಂದು ರಜೆ ಕೊಟ್ಟ ನಾಡಿದು. ಮನುಷ್ಯನಿಗೆ ಮಾತ್ರ ಹೋರಾಡಿ ಪಡೆಯಬೇಕಾಯಿತು. ಮಹಾತ್ಮ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಕೂಡಿಸಿ, 5,500 ಜನರ ಪರವಾಗಿ, ಭಾನುವಾರ ರಜೆ ಬೇಕೆಂದು ಮನವಿ ಕೊಟ್ಟರು. ಭಾನುವಾರ ಖಂಡೋಬನ ವಾರ. ಅಲ್ಲಿಯ ಖಂಡೋಬನೇ ನಮ್ಮ ಮೈಲಾರಲಿಂಗ. ಗಿರಣಿ ಮಾಲೀಕರು ಆ ಬೇಡಿಕೆಗೆ ತಲೆಬಾಗಿದ್ದು 1890ರಲ್ಲಿ. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆ ಸೇರಿತು. ದುಡಿಮೆಯ ಹೊತ್ತೂ ಹೀಗೆಯೇ ಇಳಿಯಿತು: 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1946ರಲ್ಲಿ 48. ಸ್ವತಂತ್ರ ಭಾರತದ 1948ರ ಕಾಯಿದೆ ಆ 48ನ್ನೇ ಭದ್ರಪಡಿಸಿತು. ಆದುದರಿಂದ ವಾರಕ್ಕೆ 70 ಗಂಟೆ ಎನ್ನುವವರು ದೇಶವನ್ನು ಮುಂದಕ್ಕೆ ಒಯ್ಯುತ್ತಿಲ್ಲ. 1922ಕ್ಕಿಂತಲೂ ಹಿಂದಕ್ಕೆ, ಬ್ರಿಟಿಷರ ಕಾಲಕ್ಕೆ ಒಯ್ಯುತ್ತಿದ್ದಾರೆ.

ಒಯ್ಯಲು ಹಾದಿಯನ್ನೂ ಹಾಕಲಾಗುತ್ತಿದೆ. 2023ರಲ್ಲಿ ಕರ್ನಾಟಕದ ಶಾಸನಸಭೆ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಮಾಡಿತು; ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ 144ಕ್ಕೆ ಏರಿಸಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕೆಂದು ಹೇಳಿದೆ, ನಿಜ. ಬಾಡಿಗೆ ಬಾಕಿ ಇರುವವನ ಒಪ್ಪಿಗೆಗೆ ಎಷ್ಟು ಬೆಲೆಯೆಂದು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಜೂನಿನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿಯೂ ದಿನದ ದುಡಿಮೆಯನ್ನು 10 ಗಂಟೆಗೆ ಏರಿಸುವ ಪ್ರಸ್ತಾಪ ಬಂತು. ಸಂಘಗಳು ಎದುರು ನಿಂತವು. ಅದೇ ವರ್ಷದ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1948ರ ಕಾಯಿದೆಯ ಜಾಗವನ್ನು ಹಿಡಿದವು. ಸಂಬಳ ಸಹಿತ ರಜೆಗೆ ಮೊದಲು ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು, ಸಂಹಿತೆ ಅದನ್ನು 180ಕ್ಕೆ ಇಳಿಸಿದೆ. ಈ ಒಂದು ಸಂಗತಿ ಒಳ್ಳೆಯದೆಂದು ಒಪ್ಪುತ್ತೇವೆ. ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದೆಂದೂ ಅದರಲ್ಲಿದೆ. ಆದರೆ ಏಳನೆಯ ದಿನ ಗಂಡನಿಗೂ ಹೆಂಡತಿಗೂ ಒಂದೇ ದಿನವಾಗಿರಬೇಕೆಂಬ ವಿಚಾರ ಕಾನೂನು ಬರೆದವರಿಗೆ ಹೊಳೆಯಲೇ ಇಲ್ಲ.

ಯಂತ್ರ ನಿಂತರೆ ನಷ್ಟ, ಎಲ್ಲರಿಗೂ ಒಂದೇ ದಿನ ರಜೆ ಕೊಟ್ಟರೆ ಉದ್ಯಮ ಮುಳುಗುತ್ತದೆ ಎಂದು ಧಣಿಗಳ ವಾದ. ಈ ವಾದವನ್ನು ಪರೀಕ್ಷೆ ಮಾಡಿದ ದೇಶವೊಂದುಂಟು. 1929ರಲ್ಲಿ ಸೋವಿಯತ್ ಸರಕಾರ ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು ಐದು ದಿನದ ವಾರ ಮಾಡಿತು. ಕಾರ್ಮಿಕರನ್ನು ಐದು ಪಂಗಡ ಮಾಡಿ, ಪಂಗಡಕ್ಕೊಂದು ಬಣ್ಣ ಕೊಟ್ಟು, ಸರದಿಯಂತೆ ರಜೆ ಹಂಚಿತು. ನಾಲ್ಕು ದಿನ ದುಡಿಮೆ, ಐದನೆಯ ದಿನ ರಜೆ. ಮೊದಲಿಗಿಂತ ರಜೆ ಹೆಚ್ಚೇ ಆಯಿತು. ಆದರೂ ಜನ ಒಪ್ಪಲಿಲ್ಲ. ಗಂಡನದು ಒಂದು ಬಣ್ಣ, ಹೆಂಡತಿಯದು ಇನ್ನೊಂದು, ಮಕ್ಕಳ ಶಾಲೆಯದು ಮತ್ತೊಂದು ಆದರೆ ಆ ರಜೆ ಯಾತಕ್ಕೆ? 1931ರಲ್ಲಿ ಎಲ್ಲರಿಗೂ ಒಂದೇ ದಿನ ರಜೆಯಿರುವ ಆರು ದಿನದ ವಾರಕ್ಕೆ ಬರಬೇಕಾಯಿತು, 1940ರಲ್ಲಿ ಭಾನುವಾರವೇ ಮರಳಿತು. ಕೈಯಲ್ಲಿ ಸಕಲ ಅಧಿಕಾರವಿದ್ದ ಸರಕಾರಕ್ಕೇ ಸಾಧ್ಯವಾಗದ್ದನ್ನು ನಮ್ಮ ಗಿರಣಿಯ ಮ್ಯಾನೇಜರು ನಮ್ಮ ಮೇಲೆ ಹೊರಿಸಿದರೆ ನಾವು ತೆಪ್ಪಗೆ ಇರಬೇಕೆ?

ಇದು ಗಿರಣಿಯವರ ಗೋಳು, ನಮಗೇಕೆ ಎಂದು ಅಂಗಡಿಯ ಬಂಧುಗಳು ಪುಟ ತಿರುವಬಾರದು. ಸಣ್ಣ ವ್ಯಾಪಾರಿಗೆ ಆ ಗುರುವಾರವೂ ಇಲ್ಲ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ರಾತ್ರಿ ಹತ್ತಕ್ಕೆ ಮುಚ್ಚುವುದು. ಊಟದ ಹೊತ್ತಿಗೆ ಹೆಂಡತಿ ಗಲ್ಲದ ಮೇಲೆ ಕೂರುವುದು, ಗಂಡ ಒಳಗೆ ಹೋಗಿ ನಾಲ್ಕು ತುತ್ತು ನುಂಗುವುದು. ಮದುವೆಯಾಗಿ ವರ್ಷ ಕಳೆದರೂ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡಿರುವುದಿಲ್ಲ. ಮೈದುನನ ಮದುವೆಗೆ ಹೆಂಡತಿ ಒಬ್ಬಳೇ ಹೋಗಬೇಕು. ಬಾಗಿಲು ಮುಚ್ಚಲು ಅವನಿಗೆ ಮನಸ್ಸಿಲ್ಲವೆ? ಇದೆ. ಆದರೆ ತಾನು ಮುಚ್ಚಿದರೆ ಎದುರಿನವನು ತೆರೆದಿರುತ್ತಾನೆ, ಗಿರಾಕಿ ತಪ್ಪುತ್ತದೆ ಎಂಬ ಭಯ. ಎದುರಿನವನಿಗೂ ಇದೇ ಭಯ. ಇಬ್ಬರೂ ಪರಸ್ಪರ ಕಾವಲು ಕಾಯುತ್ತ ಆಯುಷ್ಯ ಕಳೆಯುತ್ತಾರೆ.

1961ರ ಕರ್ನಾಟಕದ ಅಂಗಡಿ ಕಾಯಿದೆ ವಾರಕ್ಕೊಂದು ದಿನ ಬಾಗಿಲು ಮುಚ್ಚಬೇಕೆಂದದ್ದು ಈ ಭಯ ಕಳೆಯಲಿಕ್ಕೆ. ಎಲ್ಲರೂ ಮುಚ್ಚಿದರೆ ಯಾರ ಗಿರಾಕಿಯೂ ತಪ್ಪುವುದಿಲ್ಲ. ಸೋಪು ಬೇಕಾದವನು ಶನಿವಾರವೇ ಕೊಳ್ಳುತ್ತಾನೆ. 2021ರ ಜನವರಿಯಲ್ಲಿ ಸರಕಾರ ಏನು ಮಾಡಿತು? ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಗಳಿಗೆ ವರ್ಷದ 365 ದಿನವೂ, ದಿನದ 24 ಗಂಟೆಯೂ ತೆರೆದಿರಲು ಮೂರು ವರ್ಷದ ಅಪ್ಪಣೆ ಕೊಟ್ಟಿತು. ಹತ್ತು ಜನರನ್ನು ಇಟ್ಟುಕೊಂಡವನು ಸರದಿಯ ಮೇಲೆ ಆಳುಗಳಿಗೆ ರಜೆ ಕೊಟ್ಟು ದಿನವೂ ತೆರೆಯಬಲ್ಲ. ಹೆಂಡತಿಯೊಬ್ಬಳನ್ನೇ ಸಹಾಯಕ್ಕೆ ಇಟ್ಟುಕೊಂಡವನು ಯಾವ ಸರದಿ ಮಾಡಬೇಕು? ದೊಡ್ಡ ಮಳಿಗೆಯ ದೀಪ ಆರದಿದ್ದರೆ ಸಣ್ಣ ಅಂಗಡಿಯ ಮನೆಯಲ್ಲಿ ದೀಪ ಹಚ್ಚುವವರು ಇರುವುದಿಲ್ಲ. ಗಿರಣಿಯವನ ರಜೆ ಮತ್ತು ಅಂಗಡಿಯವನ ರಜೆ ಒಂದೇ ಬಳ್ಳಿಯ ಕಾಯಿ.

ಇನ್ನು ನಮ್ಮ ಸಂಗಾತಿಗಳಿಗೇ ಒಂದು ಮಾತು. ಕಹಿಯಾದರೂ ಹೇಳಬೇಕು. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ; ಮನೆಗೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಗೇಟಿನ ಮುಂದೆ ಎಂಟು ಗಂಟೆಯ ದುಡಿಮೆಗಾಗಿ ಘೋಷಣೆ ಕೂಗಿದವನು ಮನೆಗೆ ಬಂದು, ವ್ಯಾನಿನಿಂದ ಆಗಷ್ಟೇ ಇಳಿದ ಹೆಂಡತಿಯ ಕಡೆಗೆ ತಟ್ಟೆ ಚಾಚಿ ಕೂತರೆ, ಖೋಲಿಯೊಳಗೆ ಅವನೇ ಧಣಿ. ಇಬ್ಬರಿಗೂ ಒಂದೇ ದಿನ ರಜೆ ಸಿಕ್ಕಿ, ಆ ದಿನ ಒಬ್ಬ ಮಲಗಿ ಒಬ್ಬಳು ಪಾತ್ರೆ ಉಜ್ಜುತ್ತಿದ್ದರೆ ನಾವು ಗೆದ್ದದ್ದು ಅರ್ಧ ದಿನ ಮಾತ್ರ. ಸೌದೆ ನೀರಿಗೆ, ಮುಸುರೆಗೆ ಗಂಡಸಿನ ಕೈ ತಾಗಿದರೆ ಮಾನ ಹೋಗುವುದಿಲ್ಲ. ಇಬ್ಬರೂ ಸೇರಿ ಮಾಡಿದರೆ ಕೆಲಸ ಹತ್ತು ಗಂಟೆಗೆ ಮುಗಿಯುತ್ತದೆ, ಹನ್ನೊಂದರ ಬಸ್ಸಿಗೆ ತವರಿಗೋ ಜಾತ್ರೆಗೋ ಹೊರಡಬಹುದು.

ಹಾಗಾದರೆ ನಾವು ಕೇಳತಕ್ಕದ್ದು ಏನು? ಒಂದು — ಗಂಡನೂ ಹೆಂಡತಿಯೂ ದುಡಿಯುವವರಾಗಿದ್ದು ಅರ್ಜಿ ಕೊಟ್ಟರೆ, ಇಬ್ಬರಿಗೂ ವಾರದ ರಜೆ ಒಂದೇ ದಿನ ಕೊಡತಕ್ಕದ್ದು. ಬೇರೆ ಬೇರೆ ಕಾರ್ಖಾನೆಯಾದರೆ ಕಾರ್ಮಿಕ ಇಲಾಖೆ ನಡುವೆ ನಿಂತು ಹೊಂದಿಸತಕ್ಕದ್ದು. ಎರಡು — ಹಬ್ಬದ ರಜೆಗಳ ಪಟ್ಟಿಯನ್ನು ಕಾರ್ಮಿಕರನ್ನು ಕೇಳಿ ಮಾಡತಕ್ಕದ್ದು. ಹೆಂಗಸರೇ ಹೆಚ್ಚಾಗಿರುವ ಕಡೆ ಪಂಚಮಿಯೋ ಗೌರಿಯೋ ಅದರಲ್ಲಿ ಇರತಕ್ಕದ್ದು. ಮೂರು — ಹಕ್ಕಿನ ರಜೆ ಪಡೆದವರ ಹಾಜರಿ ಬೋನಸ್ಸು ಮುಟ್ಟತಕ್ಕದ್ದಲ್ಲ. ನಾಲ್ಕು — ಓವರ್‌ಟೈಮ್ ಒಲ್ಲೆ ಎಂದವರಿಗೆ ಕಿರುಕುಳ ಕೊಡತಕ್ಕದ್ದಲ್ಲ. ಐದು — ಊರಿಗೆಲ್ಲ ವಾರಕ್ಕೊಂದು ದಿನ ಅಂಗಡಿ ಮುಚ್ಚುವ ನಿಯಮ ದೊಡ್ಡ ಮಳಿಗೆಗಳಿಗೂ ಸಮನಾಗಿ ಅನ್ವಯಿಸತಕ್ಕದ್ದು. ಔಷಧ, ಹಾಲು, ಊಟದ ಅಂಗಡಿಗಳನ್ನು ಮಾತ್ರ ಬಿಡಬಹುದು.

ಇವುಗಳಲ್ಲಿ ಯಾವುದೂ ಆಕಾಶದ ಚಂದ್ರನಲ್ಲ. ಧಣಿಗಳ ಲಾಭದ ಗಂಟು ಇದರಿಂದ ಕರಗಿಹೋಗುವುದಿಲ್ಲ. ವಾರಕ್ಕೆ 90 ಗಂಟೆ ಎಂದ ಅಧ್ಯಕ್ಷರಿಗೆ 2023-24ರಲ್ಲಿ ಸಂದ ಸಂಭಾವನೆ 51 ಕೋಟಿ ರೂಪಾಯಿ. ಅಷ್ಟು ಪಡೆದವರು ಬೇಕಾದಾಗ ಕುಟುಂಬ ಸಮೇತ ಬೇಕಾದಲ್ಲಿಗೆ ಹೋಗಿಬರಬಹುದು. ನಮ್ಮವರು ಕೇಳುತ್ತಿರುವುದು ವಾರಕ್ಕೊಂದು ದಿನ, ಅದೂ ಇಬ್ಬರಿಗೂ ಒಂದೇ ದಿನ.

ಲೋಖಂಡೆಯವರ ಕಾಲದವರು ಆರು ವರ್ಷ ಕಾದು, ಕೂಡಿ, ಕೂಗಿ ಭಾನುವಾರವನ್ನು ಗಳಿಸಿಕೊಟ್ಟರು. ಅದನ್ನು ಧಣಿಗಳು ವಾರದ ಏಳೂ ದಿನಕ್ಕೆ ಚೂರು ಚೂರಾಗಿ ಹಂಚಿಬಿಟ್ಟಿದ್ದಾರೆ. ಆ ಚೂರುಗಳನ್ನು ಮತ್ತೆ ಕೂಡಿಸುವ ಕೆಲಸ ನಮ್ಮದು. ಗಿರಣಿಯ ಸಂಘವೂ ವರ್ತಕರ ಸಂಘವೂ ಒಂದೇ ಅರ್ಜಿಗೆ ರುಜು ಹಾಕಲಿ. ಗಾರ್ಮೆಂಟ್ಸ್‌ನ ಅಕ್ಕತಂಗಿಯರು ಮುಂದಿನ ಸಾಲಿನಲ್ಲಿ ನಿಲ್ಲಲಿ. ಈ ಹೋರಾಟದಲ್ಲಿ ಅತಿ ಹೆಚ್ಚು ಕಳೆದುಕೊಂಡವರು ಅವರೇ. ಬರುವ ಪಂಚಮಿಯೊಳಗೆ ಅರ್ಜಿ ಜಿಲ್ಲಾ ಕಾರ್ಮಿಕ ಅಧಿಕಾರಿಯ ಮೇಜಿನ ಮೇಲಿರಬೇಕು. ಆಷಾಢ ಮುಗಿದು ಶ್ರಾವಣ ತಾನಾಗಿಯೇ ಬರುವುದು ಪಂಚಾಂಗದಲ್ಲಿ. ಗಿರಣಿಯೊಳಗೆ ಅದನ್ನು ನಾವೇ ತರಬೇಕು.