ಹಿತ್ತಲಿಗೆ ಮೊದಲು ಗೊಬ್ಬರ, ಆಮೇಲೆ ಬೀಜ

ಮೊಬೈಲ್ ತೆರೆದರೆ ಸಾಕು, ಗ್ರೋ ಬ್ಯಾಗ್, ಕೋಕೋಪೀಟ್, ಬೀಜದ ಕಿಟ್ ಜಾಹೀರಾತು ಬರ್ತಾವೆ. ತಾರಸಿ ಮೇಲೆ ಬೆಳೆಯೋ ಪೇಟೆಯವರಿಗೆ ಅವು ಸರಿ. ಮನೆ ಹಿಂದೆ ಒಂದು ಗುಂಟೆ ಮಣ್ಣು, ಕೊಟ್ಟಿಗೆಯಲ್ಲಿ ಎರಡು ಹಸು ಇರೋ ನಮಗೆ ಯಾಕೆ? ನಮ್ಮ ಹಿತ್ತಲಿಗೆ ಕೊರತೆ ಇರೋದು ದುಡ್ಡಿನದ್ದಲ್ಲ, ಯೋಜನೆಯದ್ದು ಅಂತ ನನ್ನ ಅಭಿಪ್ರಾಯ.

ಬಹಳ ಜನಕ್ಕೆ ಹಿತ್ತಲು ನೆನಪಾಗೋದೇ ಜೂನ್ ಮಳೆ ಬಿದ್ದ ಮೇಲೆ. ಆಗ ಬೀಜ ತರ್ತಾರೆ, ತಿಪ್ಪೆಯಿಂದ ಅರೆಕೊಳೆತ ಸಗಣಿ ತಂದು ಸುರೀತಾರೆ. ಅದರ ಜೊತೆ ಗೊಣ್ಣೆಹುಳು, ಕಳೆಬೀಜ ಎರಡೂ ಬರುತ್ತವೆ. ಬಯಲಿನ ತಿಪ್ಪೆಯಲ್ಲಿ ಬಿಸಿಲಿಗೆ ಸಾರಜನಕ ಹಾರಿಹೋಗುತ್ತೆ, ಮಳೆಗೆ ಉಳಿದ ಸಾರ ಬಸಿದುಹೋಗುತ್ತೆ. ತೆಂಗಿನ ಸುಳಿ ಕೊರೆಯೋ ಕುರುವಾಯಿ ದುಂಬಿ ಮೊಟ್ಟೆ ಇಡೋದೂ ಇಂಥ ತಿಪ್ಪೆಯಲ್ಲೇ.

ಕಾಂಪೋಸ್ಟ್ ಹಣ್ಣಾಗಲು ಸುಮಾರು ಮೂರು ತಿಂಗಳು ಬೇಕು. ಹಾಗಾಗಿ ಮುಂಗಾರಿನ ಹಿತ್ತಲು ಶಿವರಾತ್ರಿ ಹೊತ್ತಿಗೇ ಶುರುವಾಗಬೇಕು. ತಡವಾಗಿದ್ದರೆ ಹಿಂಗಾರಿಗೆ ಲೆಕ್ಕ ಹಾಕಿ. ಮರದ ನೆರಳಲ್ಲಿ 4 ಅಡಿ ಅಗಲ, 3 ಅಡಿ ಎತ್ತರಕ್ಕೆ ಒಣ ತರಗು, ಹಸಿ ಕಸ, ಸಗಣಿ ಪದರ ಪದರವಾಗಿ ಪೇರಿಸಿ. ಬೀಜ ಕಟ್ಟಿದ ಪಾರ್ಥೇನಿಯಂ ಬೇಡ. ಹಿಡಿ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. 15 ದಿನಕ್ಕೊಮ್ಮೆ ಮಗುಚಿ. ಕಪ್ಪಾಗಿ, ಬಿಸಿ ಇಳಿದು, ಮಣ್ಣಿನ ವಾಸನೆ ಬಂದರೆ ತಯಾರಾಯ್ತು ಅಂತ ಅರ್ಥ.

ಈ ಮೂರು ತಿಂಗಳಲ್ಲಿ ಜಾಗ ಗುರುತು ಮಾಡಿಕೊಳ್ಳಿ. ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. ನುಗ್ಗೆ, ಕರಿಬೇವು ಉತ್ತರದ ಅಂಚಿಗಿರಲಿ, ಚಳಿಗಾಲದಲ್ಲಿ ಮಡಿಗಳ ಮೇಲೆ ನೆರಳು ಬೀಳಲ್ಲ. ಎರಡೂ ಕಡೆಯಿಂದ ಕೈ ಎಟುಕೋ ಹಾಗೆ ಮಡಿ 4 ಅಡಿ ಅಗಲ ಸಾಕು. ಹೀರೆ, ಹಾಗಲ ಬೇಲಿಗೆ ಹಬ್ಬಲಿ. ಬಚ್ಚಲ ನೀರು ಬಾಳೆಗೆ ಹೋಗಲಿ, ಸೊಪ್ಪಿಗೆ ಬೇಡ. ಹರಿವೆ, ಮೆಂತ್ಯ ಒಂದೇ ದಿನ ಎಲ್ಲ ಬಿತ್ತಬೇಡಿ, 15 ದಿನಕ್ಕೊಂದು ಮಡಿ ಬಿತ್ತಿ. ಬೆಂಡೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಆಗುತ್ತೆ. ಅದು ಹೈಬ್ರಿಡ್ ಅಲ್ಲ, ಬೀಜ ನಾವೇ ಉಳಿಸಿಕೊಳ್ಳಬಹುದು.

ಇನ್ನೊಂದು ಮಾತು ಹೇಳಲೇಬೇಕು. ಹೊಲದ ಬೆಳೆಗೆ ನಾವು ಗಂಡಸರು ಲೆಕ್ಕದ ಪುಸ್ತಕ ಇಡ್ತೀವಿ, ಹಿತ್ತಲನ್ನು ಮಾತ್ರ ಹೆಂಗಸರ ಪಾಡಿಗೆ ಬಿಟ್ಟಿರ್ತೀವಿ. ಅಡುಗೆ, ಹಾಲು ಕರೆಯೋದು, ಕೂಲಿ ಎಲ್ಲ ಮುಗಿಸಿ ಅವರೇ ನೀರು ಹೊರಬೇಕು. ಬತ್ತಿದ ಹಿತ್ತಲು ನೋಡಿ ಆಮೇಲೆ ಸಂತೆಗೆ ಚೀಲ ಹಿಡಿದು ಹೋಗ್ತೀವಿ. ಎಷ್ಟು ಸಲ ಔಷಧಿ ಹೊಡೆದಿದ್ದಾರೋ ಗೊತ್ತಿಲ್ಲದ ಕೋಸು ತಂದು ಮಕ್ಕಳಿಗೆ ತಿನ್ನಿಸ್ತೀವಿ. ಗೊಬ್ಬರ ಪೇರಿಸೋದು, ಮಗುಚೋದು, ಮಡಿ ಕಟ್ಟೋದು ಮನೆಯ ಯುವಕರ ಕೆಲಸ ಆಗಲಿ. ಏನು ಬಿತ್ತಬೇಕು ಅಂತ ಅಡುಗೆ ಮಾಡುವವರನ್ನೇ ಕೇಳಿ.

ಈ ವಾರ ಅಂಗಳದ ತರಗಿಗೆ ಬೆಂಕಿ ಇಡಬೇಡಿ. ಅದನ್ನು ಗುಡಿಸಿ ಮರದ ಬುಡಕ್ಕೆ ಒಯ್ದು ಮೊದಲ ಪದರ ಹಾಕಿ.